ಹೆಸರು, ವಯಸ್ಸು, ಮನೆ ವಿಳಾಸ
1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನಲ್ಲಿ ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು, ಅಗ್ನಿಶಾಮಕ ದಳದ ಏಣಿ ಅಷ್ಟೆತ್ತರ ಮುಟ್ಟಲಿಲ್ಲ. ಸತ್ತವರು 146 ಮಂದಿ. ಹೆಚ್ಚಿನವರು ವಲಸೆ ಬಂದ ಯೆಹೂದಿ, ಇಟಾಲಿಯನ್ ಹುಡುಗಿಯರು. ಈ ದುರಂತದ ಬಗ್ಗೆ ಕಾರ್ನೆಲ್ ವಿಶ್ವವಿದ್ಯಾಲಯದ ಖೀಲ್ ಸೆಂಟರ್ ಅಂತರ್ಜಾಲದಲ್ಲಿ ಕಟ್ಟಿರುವ ಪ್ರದರ್ಶನವನ್ನು, ಇಂಥ ಪ್ರದರ್ಶನ ಕಟ್ಟಲು ಕೈಹಾಕುವವರೆಲ್ಲ ಮೊದಲು ನೋಡಬೇಕು. ಎದೆ ಝಲ್ಲೆನಿಸುವ ಫೋಟೋಗಳು ಅಲ್ಲಿವೆ, ಕೋರ್ಟಿನ ವಿಚಾರಣೆಯ ದಾಖಲೆಯೂ ಇದೆ (ಮಾಲೀಕರಿಬ್ಬರೂ ಖುಲಾಸೆಯಾದರು). ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸತ್ತವರ ಪಟ್ಟಿ. ಹೆಸರು, ವಯಸ್ಸು, ಮನೆ ವಿಳಾಸ. 14 ವರ್ಷದವರೂ ಇದ್ದಾರೆ. ಒಂದೇ ಮನೆಯ ತಾಯಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಬೆಂಕಿಯ ಭೀಕರತೆಯನ್ನು ವರ್ಣಿಸುವ ಯಾವ ವಾಕ್ಯಕ್ಕೂ ಆ ವಿಳಾಸಗಳ ಶಕ್ತಿ ಇಲ್ಲ. ಗುರುತೇ ಸಿಗದೆ ಮಣ್ಣಾದ ಆರು ಮಂದಿಯ ಹೆಸರನ್ನು ಸಂಶೋಧಕ ಮೈಕೆಲ್ ಹಿರ್ಷ್ ಹಳೆಯ ಪತ್ರಿಕೆ, ಕಡತಗಳನ್ನು ಜಾಲಾಡಿ ಪತ್ತೆ ಮಾಡಿದರು. ಆ ಹೊತ್ತಿಗೆ 2011 ಬಂದಿತ್ತು. ಕಲ್ಲಿನಲ್ಲಿ ಕೊರೆದ ಪಟ್ಟಿಗೆ ಹೆಸರು ಸೇರಿಸುವುದು ಕಷ್ಟ, ಪರದೆಯ ಮೇಲೆ ಜಾಗ ಬಿಟ್ಟು ಕಾಯಬಹುದು. ಆನ್‌ಲೈನ್ ವಸ್ತುಸಂಗ್ರಹಾಲಯದ ದೊಡ್ಡ ಬಲ ಇದೇ ಎಂದು ನಾನು ನಂಬುತ್ತೇನೆ. ಇನ್ನೊಂದು ಬಲ ಧ್ವನಿ: ಬದುಕುಳಿದವರಲ್ಲಿ ಹಲವರನ್ನು ದಶಕಗಳ ನಂತರ ಲೇಖಕ ಲಿಯಾನ್ ಸ್ಟೈನ್ ಅವರಂಥವರು ಹುಡುಕಿಕೊಂಡು ಹೋಗಿ ಮಾತಾಡಿಸಿದ್ದರಿಂದ ಅವರ ದನಿ ಇಂದು ನಮ್ಮ ಕಿವಿಗೆ ಬೀಳುತ್ತಿದೆ. ಪ್ರದರ್ಶನ ಕಟ್ಟುವವರು ವಿನ್ಯಾಸದ ಚಿಂತೆಯನ್ನು ಆಮೇಲೆ ಮಾಡಲಿ; ಘಟನೆಯನ್ನು ಕಣ್ಣಾರೆ ಕಂಡವರು ಬದುಕಿದ್ದರೆ ರೆಕಾರ್ಡರ್ ಹಿಡಿದು ಮೊದಲು ಅವರ ಮನೆಗೆ ಹೋಗಲಿ.