2007ರ ಪಟ್ಟಿ, ತುಸು ತಡವಾಗಿ

ಡಿಸೆಂಬರ್ ತಿಂಗಳು ಅರ್ಧ ಸವೆಯುವುದಕ್ಕೆ ಮುಂಚೆಯೇ ಸಂಗೀತ ವಿಮರ್ಶಕರು ಆ ವರ್ಷದ ಅತ್ಯುತ್ತಮ ಆಲ್ಬಮ್‌ಗಳನ್ನು ಆಯ್ದು, ಅವಕ್ಕೆ ಒಂದರಿಂದ ಐವತ್ತರವರೆಗೆ ಕ್ರಮಾಂಕಗಳನ್ನು ಕೊಟ್ಟು, ಮೂವತ್ತನಾಲ್ಕನೆಯದು ಮೂವತ್ತೈದನೆಯದಕ್ಕಿಂತ ಏತರಿಂದ ಮೇಲಾಯಿತೆಂಬುದನ್ನು ಹೇಳುವ ಹೊಣೆಯೊಂದನ್ನು ಮಾತ್ರ ಹೊರದೆ, ಲೋಕದ ಮುಂದೆ ಮಂಡಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ನವೆಂಬರಿನಲ್ಲಿ ಹೊರಬಿದ್ದ ಕೃತಿಯನ್ನು ಅವರು ಎರಡು ವಾರ ಕೇಳಿದ್ದರೆ ಹೆಚ್ಚು. ಜನವರಿಯದನ್ನು ಅಷ್ಟು ಹೊತ್ತಿಗೆ ಮರೆತೇ ಇರುತ್ತಾರೆ. ನಮ್ಮ ಪಂಚಾಂಗಕರ್ತರೂ ಸಂವತ್ಸರಫಲವನ್ನು ಅವಸರದಿಂದಲೇ ಬರೆಯುವವರು. ಆದರೆ ಅವರು ಸಂವತ್ಸರ ಹುಟ್ಟುವ ಮೊದಲೇ ಬರೆದುಬಿಡುವುದರಿಂದ ಅದನ್ನು ಓದುವವರು ಒಂದಿಷ್ಟು ಸಂದೇಹವನ್ನು ಜೊತೆಗಿಟ್ಟುಕೊಂಡೇ ಓದುತ್ತಾರೆ. ಒಂದು ವರ್ಷದ ಸಂಗೀತವನ್ನು ಕುರಿತ ತೀರ್ಪನ್ನು ಆ ವರ್ಷದ ಸದ್ದೆಲ್ಲ ಅಡಗಿ, ಅದನ್ನು ಮೆಚ್ಚಿದ ತರುಣರ ಕಿವಿಯ ಬಳಿ ನರೆ ಇಣುಕತೊಡಗಿದ ಮೇಲೆ ಬರೆಯತಕ್ಕದ್ದೆಂದು ನಾನು ಬಹುದಿನಗಳಿಂದ ವಾದಿಸುತ್ತ ಬಂದಿರುವವನು. ಆದ್ದರಿಂದ ಈ ವಾರ ನಾನು ಇಲ್ಲಿ ಒಪ್ಪಿಸಲಿರುವುದು 2007ನೆಯ ಇಸವಿಯ ಇಂಡೀ ಮತ್ತು ಎಲೆಕ್ಟ್ರಾನಿಕ್ ಆಲ್ಬಮ್‌ಗಳ ಪಟ್ಟಿಯನ್ನು.

ಈ ವಾದಕ್ಕೆ ನಮ್ಮ ದೇಶವೇ ಒದಗಿಸಿಕೊಟ್ಟಿರುವ ಸಾಕ್ಷಿಯೊಂದುಂಟು. 1982ರಲ್ಲಿ, ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ ಎಂಬ ವಾದಕರು ಲಲಿತ, ತೋಡಿ, ಮಾಲಕೌಂಸ ಮೊದಲಾದ ಹತ್ತು ರಾಗಗಳನ್ನು ಜಪಾನಿನ ರೋಲಂಡ್ ಕಂಪನಿಯ ಸಿಂಥಸೈಜರಿನ ಮೇಲೆ ನುಡಿಸಿ, ಅದೇ ಕಂಪನಿಯ ಟಿಬಿ-303 ಮತ್ತು ಟಿಆರ್-808 ಎಂಬ ಯಂತ್ರಗಳಿಂದ ಮಂದ್ರಸ್ವರವನ್ನೂ ತಾಳವನ್ನೂ ಹೊರಡಿಸಿ, ಎಚ್‌ಎಂವಿಯ ಮೂಲಕ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಗಿಟಾರ್ ವಾದಕರ ಅಭ್ಯಾಸಕ್ಕೆ ಒತ್ತಾಸೆಯಾಗಲೆಂದು ತಯಾರಾಗಿದ್ದ ಆ 303 ಯಂತ್ರದಿಂದ ಷಿಕಾಗೋ ನಗರದ ಹುಡುಗರು 'ಆಸಿಡ್ ಹೌಸ್' ಎಂಬ ನೃತ್ಯಸಂಗೀತವನ್ನು ಹಿಂಡಿ ತೆಗೆದದ್ದು ಇದಾದ ಐದು ವರ್ಷಗಳ ಮೇಲೆ, 1987ರಲ್ಲಿ. ಚರಣ್‌ಜಿತ್ ಸಿಂಗರ ಮುದ್ರಿಕೆಯಾದರೋ ತನ್ನ ಕಾಲದಲ್ಲಿ ಯಾವ ಗದ್ದಲವನ್ನೂ ಮಾಡದೆ ಅಂಗಡಿಗಳಿಂದ ಕಣ್ಮರೆಯಾಗಿ, 2010ರಲ್ಲಿ ಹಾಲೆಂಡಿನ ಸಣ್ಣ ಸಂಸ್ಥೆಯೊಂದು ಅದನ್ನು ಮರುಮುದ್ರಿಸಿದಾಗ ಯುರೋಪಿನ ನೃತ್ಯಗೃಹಗಳ ರಸಿಕರೆಲ್ಲ ಬೆಕ್ಕಸಬೆರಗಾದರು. 1982ರ ಡಿಸೆಂಬರಿನಲ್ಲಿ ಪಟ್ಟಿ ಬರೆದವರಲ್ಲಿ ಯಾರಿಗೆ ತಾನೇ ಇದರ ಸುಳಿವಿದ್ದೀತು?

ಯಂತ್ರದಿಂದ ಹೊರಟ ನಾದವು ಸಂಗೀತವೇ ಅಲ್ಲವೆಂದು ಮೂಗು ಮುರಿಯುವ ಹಿರಿಯರೊಡನೆ ನಾನು ಹೆಚ್ಚು ಜಗಳಕ್ಕೆ ಹೋಗುವುದಿಲ್ಲ. ಅವರು ಸಭೆಯಲ್ಲಿ ಕುಳಿತು ತಲೆದೂಗುವಾಗ ವಿದ್ವಾಂಸರ ಹಿಂದೆ ಷಡ್ಜಪಂಚಮಗಳನ್ನು ಮಿಡಿಯುತ್ತಿರುವುದು, ಬಹುಮಟ್ಟಿಗೆ, ಬೆಂಗಳೂರಿನಲ್ಲೇ ತಯಾರಾದ ವಿದ್ಯುತ್ ತಂಬೂರಿ ಎಂಬುದನ್ನು ಮಾತ್ರ ವಿನಯದಿಂದ ತೋರಿಸಿಕೊಡುತ್ತೇನೆ.

2007ರ ಮಾತು ಬಂದಾಗ ಎಲ್ಲರೂ ಮೊದಲು ಎತ್ತುವ ಹೆಸರು ರೇಡಿಯೋಹೆಡ್ ತಂಡದ 'ಇನ್ ರೇನ್‌ಬೋಸ್'. ಇಎಂಐ ಕಂಪನಿಯೊಡನೆ ತನಗಿದ್ದ ಕರಾರು ತೀರಿದ ಮೇಲೆ ಈ ತಂಡವು ಅಕ್ಟೋಬರ್ 1ರಂದು ಆಲ್ಬಮ್ ಸಿದ್ಧವಿದೆಯೆಂದು ಸಾರಿ, 10ರಂದು ಅದನ್ನು ತನ್ನ ಜಾಲತಾಣದಲ್ಲಿಯೇ ಇಟ್ಟು, ಬೆಲೆಯನ್ನು ಕೊಳ್ಳುವವರೇ ನಿಶ್ಚಯಿಸಿಕೊಳ್ಳಲೆಂದು, ಬೇಕಾದರೆ ಸೊನ್ನೆಯನ್ನೇ ಬರೆಯಲೆಂದು, ಬಿಟ್ಟುಬಿಟ್ಟಿತು. ಅಂದಿನ ಪತ್ರಿಕೆಗಳೆಲ್ಲ ಈ ಬೆಲೆಯ ವೃತ್ತಾಂತವನ್ನು ಹೇಳಿ ಹೇಳಿ ದಣಿದು, ಹಾಡುಗಳ ವಿಚಾರಕ್ಕೆ ಬರುವ ಹೊತ್ತಿಗೆ ಅಂಕಣದ ಜಾಗ ಮುಗಿದಿರುತ್ತಿತ್ತು. ಈಗ ಆ ವ್ಯಾಪಾರದ ಕಥೆ ಹಳೆಯದಾಗಿದೆ, ಹಾಡುಗಳು ಹಳೆಯವಾಗಿಲ್ಲ. ಮೊದಲನೆಯದಾದ 'ಫಿಫ್ಟೀನ್ ಸ್ಟೆಪ್' ಯಂತ್ರದ ಚಪ್ಪಾಳೆಗಳಿಂದ ಮೊದಲಾಗುತ್ತದೆ. ಐದೈದರ ಎಣಿಕೆಯಲ್ಲಿ ಹರಿಯುವ ಅದರ ನಡೆಯು ಪಾಶ್ಚಾತ್ಯ ಶ್ರೋತೃಗಳನ್ನು ಮುಗ್ಗರಿಸುವಂತೆ ಮಾಡಿತಾದರೂ, ಖಂಡಛಾಪಿಗೆ ಕೈ ಹಾಕಿ ಬಲ್ಲ ನಮ್ಮವರಿಗೆ ಅಷ್ಟು ತೊಡಕಾಗಲಾರದು. 'ನ್ಯೂಡ್' ಎಂಬ ಹಾಡನ್ನು ಈ ತಂಡವು ತೊಂಬತ್ತರ ದಶಕದ ಕೊನೆಯಿಂದಲೇ ಕಚೇರಿಗಳಲ್ಲಿ ಹಾಡಿ ನೋಡಿ, ಒಪ್ಪಿಗೆಯಾಗದೆ, ಮತ್ತೆ ಮತ್ತೆ ಎತ್ತಿಟ್ಟು, ಹತ್ತು ವರ್ಷದ ಮೇಲೆ ಇಲ್ಲಿ ನೆಲೆಗೊಳಿಸಿತು. ಆ ಕಾಯುವಿಕೆ ವ್ಯರ್ಥವಾಗಲಿಲ್ಲವೆಂಬುದು ಅದರ ಮೊದಲ ಅರೆನಿಮಿಷದಲ್ಲಿಯೇ, ಗಾಯಕನಾದ ಥಾಮ್ ಯಾರ್ಕನ ಕಂಠವು ಪದಗಳಿನ್ನೂ ಹುಟ್ಟದ ಆಲಾಪದಲ್ಲಿ ಮೇಲೇರುವಾಗ, ತಿಳಿದುಬರುತ್ತದೆ.

ಲೋಕಪ್ರಸಿದ್ಧವಾದ ಇನ್ನೆರಡು ಕೃತಿಗಳನ್ನು ಇಲ್ಲಿಯೇ ದಾಟಿಬಿಡುತ್ತೇನೆ. ಪ್ಯಾರಿಸ್ಸಿನ ಜಸ್ಟಿಸ್ ಎಂಬ ಜೋಡಿಯು ಶಿಲುಬೆಯ ಗುರುತನ್ನೇ ಹೆಸರಾಗಿಟ್ಟು ಹೊರತಂದ ಆಲ್ಬಮ್ ಅಂದಿನ ಕುಣಿತದ ಮನೆಗಳನ್ನು ಗೆದ್ದುಕೊಂಡದ್ದು ನಿಜ; ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿ ಕೂಗುವವನ ಮಾತಿನಲ್ಲಿ ಎರಡನೆಯ ಸಲ ಕೇಳತಕ್ಕದ್ದೇನು ಉಳಿದೀತು? ಕೆನಡಾದ ಆರ್ಕೇಡ್ ಫೈರ್ ತಂಡವು ಕ್ವಿಬೆಕ್ ಪ್ರಾಂತದ ಹಳೆಯ ಇಗರ್ಜಿಯೊಂದನ್ನು ಕೊಂಡು, ಅಲ್ಲಿಯೇ ಬೀಡುಬಿಟ್ಟು ಮಾಡಿದ 'ನಿಯಾನ್ ಬೈಬಲ್' ಗಂಭೀರವಾದುದೇ ಸರಿ. ಗಾಂಭೀರ್ಯವು ತನ್ನನ್ನು ತಾನೇ ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳದೆ ಇದ್ದಿದ್ದರೆ ನಾನು ಅದನ್ನು ಇನ್ನೂ ಹೆಚ್ಚು ಪ್ರೀತಿಸುತ್ತಿದ್ದೆನು.

ನ್ಯೂಯಾರ್ಕಿನ ಜೇಮ್ಸ್ ಮರ್ಫಿಯ ವಿಚಾರ ಬೇರೆ. ಎಲ್‌ಸಿಡಿ ಸೌಂಡ್‌ಸಿಸ್ಟಮ್ ಎಂಬ ಹೆಸರಿನಲ್ಲಿ ಆತನು 2007ರ ಮಾರ್ಚಿನಲ್ಲಿ ಹೊರತಂದ 'ಸೌಂಡ್ ಆಫ್ ಸಿಲ್ವರ್' ನೃತ್ಯಕ್ಕಾಗಿ ಹುಟ್ಟಿದ ಸಂಗೀತವಾದರೂ, ಅದರ ಅಂತರಂಗದಲ್ಲಿರುವುದು ಯೌವನವು ಕೈಜಾರುತ್ತಿರುವ ಮನುಷ್ಯನ ಲೆಕ್ಕಾಚಾರ. ಆತನಿಗೆ ಆಗ ಮೂವತ್ತೇಳರ ಆಸುಪಾಸು, ಕುಣಿತದ ಸಂಗೀತದ ಪ್ರಪಂಚದಲ್ಲಿ ಅದು ವಾನಪ್ರಸ್ಥದ ವಯಸ್ಸು. 'ಆಲ್ ಮೈ ಫ್ರೆಂಡ್ಸ್' ಎಂಬ ಹಾಡಿನಲ್ಲಿ ಪಿಯಾನೋ ಒಂದೇ ಸ್ವರಗುಚ್ಛವನ್ನು ಏಳು ನಿಮಿಷಕ್ಕೂ ಮೇಲ್ಪಟ್ಟು ಬಡಿಯುತ್ತ ಹೋಗುತ್ತದೆ. ಆ ಬಡಿತದಲ್ಲಿ ಯಂತ್ರದ ನಿಷ್ಕೃಷ್ಟತೆಯಿಲ್ಲ. ಆರಂಭದಲ್ಲಿ ಬೆರಳುಗಳು ತುಸು ಎಡವುತ್ತವೆ, ಆಮೇಲೆ ಮಿಕ್ಕ ವಾದ್ಯಗಳು ಒಂದೊಂದಾಗಿ ಬಂದು ಕೂಡಿಕೊಂಡಂತೆ ಎಡವಿದ್ದು ಮರೆಯಾಗುತ್ತದೆ, ಆದರೆ ಪಿಯಾನೋ ಮಾತ್ರ ಬದಲಾಗುವುದಿಲ್ಲ. ಊರು ಬಿಟ್ಟು, ಗೆಳೆಯರನ್ನು ಬಿಟ್ಟು, ಕೆಲಸದ ಬೆನ್ನುಹತ್ತಿ ಅಲೆದು, ಒಂದು ರಾತ್ರಿ ಹಿಂತಿರುಗಿ ನೋಡುವವನ ಹಾಡಿದು. ಇಪ್ಪತ್ತೈದರ ವಯಸ್ಸಿನಲ್ಲಿ ಇದನ್ನು ಕೇಳಿದವರು ಇದರ ಲಯಕ್ಕೆ ಕುಣಿದರು. ಅವರೇ ಈಗ ಕೇಳಿದಾಗ ಪದಗಳು ಕಿವಿಗೆ ಬೀಳುತ್ತವೆ. ಪಕ್ಕದಲ್ಲಿಯೇ ಇರುವ 'ಸಮ್‌ವನ್ ಗ್ರೇಟ್' ಸಾವನ್ನು ಕುರಿತದ್ದು. ಮೃತರು ಯಾರೆಂದು ಹಾಡು ಹೇಳುವುದಿಲ್ಲ. ಆಲ್ಬಮ್ ಮಾತ್ರ ಹಿಂದಿನ ವರ್ಷ ತೀರಿಕೊಂಡಿದ್ದ ಜಾರ್ಜ್ ಕಾಮೆನ್ ಎಂಬ ಮನೋಚಿಕಿತ್ಸಕರಿಗೆ ಅರ್ಪಿತವಾಗಿದೆ. ಶೋಕದ ಹಾಡಿಗೆ ಗಂಟೆಯ ಕಿಣಿಕಿಣಿಯನ್ನು ಜೊತೆಮಾಡಿ, ಕಣ್ಣೀರಿಗೆ ಎಡೆಗೊಡದೆ, ದೂರವಾಣಿಯಲ್ಲಿ ಸುದ್ದಿ ಬಂದ ದಿನವೂ ಎಂದಿನಂತೆ ಕಾಫಿ ರುಚಿಯಾಗಿಯೇ ಇತ್ತೆಂಬ ನಾಚಿಕೆಯನ್ನು ಹೇಳಿಕೊಳ್ಳುವ ಈ ಧೈರ್ಯ ಆ ವರ್ಷದ ಬೇರಾವ ಗೀತಕಾರನಲ್ಲಿಯೂ ನನಗೆ ಕಾಣಲಿಲ್ಲ.

'ಕಲಾ' ಎಂಬ ಆಲ್ಬಮ್ಮಿಗೆ ಎಂ.ಐ.ಎ. ಎಂದು ಹೆಸರಾದ ಮಾಯಾ ಅರುಳ್‌ಪ್ರಗಾಸಂ ತನ್ನ ತಾಯಿಯ ಹೆಸರನ್ನೇ ಇಟ್ಟಳು; ಹಿಂದಿನದಕ್ಕೆ ತಂದೆಯ ಹೆಸರಿಟ್ಟಿದ್ದಳು. ಲಂಡನ್ನಿನಲ್ಲಿ ಹುಟ್ಟಿ, ಜಾಫ್ನಾದಲ್ಲಿ ಬೆಳೆದು, ಯುದ್ಧದ ದೆಸೆಯಿಂದ ಮತ್ತೆ ಲಂಡನ್ನಿಗೇ ನಿರಾಶ್ರಿತಳಾಗಿ ಮರಳಿದ ಈ ತಮಿಳು ಹೆಂಗಸಿಗೆ ಅಮೆರಿಕವು ವೀಸಾ ಕೊಡಲು ಒಲ್ಲೆನೆಂದಿತು. ಅಲ್ಲಿನ ಹೆಸರಾಂತ ನಿರ್ಮಾಪಕರೊಡನೆ ಕೂತು ಮಾಡಬೇಕಾಗಿದ್ದ ಕೃತಿಯನ್ನು ಆಕೆ ಭಾರತ, ಟ್ರಿನಿಡಾಡ್, ಲೈಬೀರಿಯ, ಆಸ್ಟ್ರೇಲಿಯಗಳನ್ನು ಸುತ್ತಿ ಮಾಡಿಕೊಂಡಳು. ಆ ಅಧಿಕಾರಿಗಳಿಗೆ ಸಂಗೀತಪ್ರೇಮಿಗಳು ಋಣಿಗಳಾಗಿರಬೇಕು. ಚೆನ್ನೈಯಲ್ಲಿ ಮುದ್ರಿತವಾದ ಉರುಮಿ ಮೇಳದ ಗುಡುಗು 'ಬರ್ಡ್ ಫ್ಲೂ' ಹಾಡಿನಲ್ಲಿ ಕೋಳಿಗಳ ಕಿರುಚಾಟದೊಡನೆ ಕೂಡಿಕೊಂಡಿದೆ. 'ಬ್ಯಾಂಬೂ ಬಾಂಗಾ'ದಲ್ಲಿ ಇಳಯರಾಜರ 'ದಳಪತಿ' ಚಿತ್ರದ ಹಾಡೊಂದರ ತುಣುಕಿದೆ. ಬಪ್ಪಿ ಲಾಹಿರಿಯವರ 'ಡಿಸ್ಕೋ ಡ್ಯಾನ್ಸರ್' ಚಿತ್ರದ 'ಜಿಮ್ಮಿ'ಯನ್ನಂತೂ ಆಕೆ ನಾಚಿಕೆಯಿಲ್ಲದೆ ಇಡಿಯಾಗಿಯೇ ಎತ್ತಿಕೊಂಡಿದ್ದಾಳೆ. ನಮ್ಮ ಊರುಗಳ ಗಣೇಶೋತ್ಸವದ ಪೆಂಡಾಲುಗಳಲ್ಲಿ ಒಡೆದ ದನಿಯಲ್ಲಿ ಕೇಳಿ ಬೇಸತ್ತ ಆ ಹಾಡು ಪಾಶ್ಚಾತ್ಯ ಪಂಡಿತರ ಪಟ್ಟಿಯೊಳಗೆ ಹೀಗೆ ಹಿಂಬಾಗಿಲಿನಿಂದ ನುಗ್ಗಿದ್ದನ್ನು ಕಂಡು ನನಗೆ ಒಂದು ಬಗೆಯ ದುಷ್ಟ ಸಂತೋಷವೇ ಆಯಿತು. ಬಂದೂಕಿನ ಸದ್ದನ್ನೂ ಗಲ್ಲಾಪೆಟ್ಟಿಗೆಯ ಗಂಟೆಯನ್ನೂ ಪಲ್ಲವಿಯಾಗಿಸಿಕೊಂಡ 'ಪೇಪರ್ ಪ್ಲೇನ್ಸ್' ಮರುವರ್ಷ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದ ಮೂಲಕ ಎಲ್ಲೆಡೆಗೂ ಹಬ್ಬಿತು. ವಲಸಿಗರನ್ನು ಕಂಡು ಅಂಜುವವರ ಅಂಜಿಕೆಯನ್ನೇ ಹಾಸ್ಯಮಾಡುವ ಆ ಹಾಡಿನ ಕೊಂಕು ಮಾತ್ರ ಬಹುಮಂದಿಯ ಕಿವಿಯನ್ನು ಮುಟ್ಟದೆಯೇ ಉಳಿಯಿತು.

ಪುನರಾವೃತ್ತಿಯ ಕಲೆಯಲ್ಲಿ ಆ ವರ್ಷ ಇಬ್ಬರು ಮೇಲುಗೈ ಸಾಧಿಸಿದರು. ಪಾಂಡಾ ಬೇರ್ ಎಂಬ ಕಾವ್ಯನಾಮದ ನೋವಾ ಲೆನಾಕ್ಸ್ ಅಮೆರಿಕವನ್ನು ಬಿಟ್ಟು ಲಿಸ್ಬನ್ನಿನಲ್ಲಿ ಸಂಸಾರ ಹೂಡಿ, ಸ್ಯಾಂಪ್ಲರ್ ಯಂತ್ರವನ್ನು ಮುಂದಿಟ್ಟುಕೊಂಡು, ತನ್ನ ಕಂಠದ ಮೇಲೆ ತನ್ನದೇ ಕಂಠವನ್ನು ಪದರಪದರವಾಗಿ ಹೊದಿಸಿ 'ಪರ್ಸನ್ ಪಿಚ್' ಎಂಬ ಏಳು ಹಾಡುಗಳ ಆಲ್ಬಮ್ ಮಾಡಿದನು. 'ಬ್ರೋಸ್' ಎಂಬುದೊಂದೇ ಹನ್ನೆರಡು ನಿಮಿಷವನ್ನು ಮೀರುತ್ತದೆ, ಮೀರಿದ್ದು ತಿಳಿಯುವುದಿಲ್ಲ. ಸ್ವೀಡನ್ನಿನ ಆಕ್ಸೆಲ್ ವಿಲ್ನರ್ ದಿ ಫೀಲ್ಡ್ ಎಂಬ ಹೆಸರಿನಲ್ಲಿ, ಜರ್ಮನಿಯ ಕಲೋನ್ ನಗರದ ಕೊಂಪಾಕ್ಟ್ ಸಂಸ್ಥೆಯ ಮೂಲಕ, 'ಫ್ರಮ್ ಹಿಯರ್ ವಿ ಗೋ ಸಬ್ಲೈಮ್' ಎಂಬುದನ್ನು ಕೊಟ್ಟನು. ಹಳೆಯ ಜನಪ್ರಿಯ ಗೀತೆಗಳಿಂದ ಕ್ಷಣಮಾತ್ರದ ತುಣುಕನ್ನು ಕತ್ತರಿಸಿ, ಅದರ ಮೂಲ ಯಾವುದೆಂದು ಗುರುತೇ ಸಿಗದಂತೆ ಅದನ್ನು ನಿಮಿಷಗಟ್ಟಲೆ ಸುತ್ತಿಸುವುದು ಆತನ ಉಪಾಯ. 'ಎ ಪಾ ಇನ್ ಮೈ ಫೇಸ್' ಎಂಬುದರ ಕೊನೆಯಲ್ಲಿ ಆ ಚಕ್ರ ಒಮ್ಮೆಲೇ ಕಳಚಿ, ತುಣುಕು ತನ್ನ ತವರಿಗೆ ಜಾರಿಕೊಳ್ಳುತ್ತದೆ. ಇಷ್ಟು ಹೊತ್ತು ನಮ್ಮನ್ನು ಧ್ಯಾನಸ್ಥರನ್ನಾಗಿಸಿದ್ದು ಲಯೊನೆಲ್ ರಿಚಿಯ 'ಹಲೋ' ಎಂಬ, ಮದುವೆಮನೆಗಳಲ್ಲಿ ಸವೆದುಹೋದ ಪ್ರೇಮಗೀತೆಯ ಗಿಟಾರೆಂಬುದು ಆಗ ಬಯಲಾಗುತ್ತದೆ. ಇದನ್ನು ಚೇಷ್ಟೆಯೆಂದವರುಂಟು. ಚೇಷ್ಟೆಯೇ ಇರಲಿ, ತುಚ್ಛವೆಂದು ತಳ್ಳಿದ್ದರೊಳಗೆ ಇಷ್ಟು ಸೌಂದರ್ಯ ಹುದುಗಿತ್ತೆಂದು ಪ್ರಮಾಣಸಹಿತವಾಗಿ ತೋರಿಸಿದ ವಿಮರ್ಶಕನೂ ಇಲ್ಲ.

ಇನ್ನು ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವ ಕೃತಿ: 2007ರ ನವೆಂಬರಿನಲ್ಲಿ ಲಂಡನ್ನಿನ ಹೈಪರ್‌ಡಬ್ ಸಂಸ್ಥೆಯಿಂದ ಬಂದ, ಬರಿಯಲ್ ಎಂಬಾತನ 'ಅನ್‌ಟ್ರೂ'. ಆಗ ಆತನು ಯಾರೆಂದು ಲೋಕಕ್ಕೆ ತಿಳಿದಿರಲಿಲ್ಲ. ಕಚೇರಿ ಕೊಡುತ್ತಿರಲಿಲ್ಲ, ಭಾವಚಿತ್ರವಿರಲಿಲ್ಲ. ಮರುವರ್ಷ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಈ ಆಲ್ಬಮ್ ಕಾಣಿಸಿಕೊಂಡದ್ದೇ ತಡ, ಲಂಡನ್ನಿನ ಪತ್ರಿಕೆಗಳು ಕಳ್ಳನನ್ನು ಹುಡುಕುವಂತೆ ಆತನನ್ನು ಹುಡುಕತೊಡಗಿದವು. ಕಡೆಗೆ 2008ರ ಆಗಸ್ಟಿನಲ್ಲಿ ಆತನೇ ತಾನು ವಿಲಿಯಂ ಬೆವನ್, ಹಾಡು ಮಾಡುವುದಲ್ಲದೆ ತನಗೆ ಬೇರೆ ಆಸೆಯಿಲ್ಲ, ಎಂಬರ್ಥದ ನಾಲ್ಕು ಮಾತು ಬರೆದು ಮತ್ತೆ ಮರೆಗೆ ಸರಿದನು. ಪ್ರಶಸ್ತಿ ಎಲ್ಬೋ ತಂಡದ ಪಾಲಾಯಿತು.

ತಾಳದ ಗಡಿಗಳನ್ನು ಚೌಕ ಚೌಕವಾಗಿ ತೋರಿಸುವ ಸೀಕ್ವೆನ್ಸರನ್ನು ಬಿಟ್ಟು, ಧ್ವನಿಯನ್ನು ಕತ್ತರಿಸಿ ಜೋಡಿಸುವುದಕ್ಕಷ್ಟೇ ಉಂಟಾದ ಸೌಂಡ್ ಫೋರ್ಜ್ ಎಂಬ ಸಾಮಾನ್ಯ ತಂತ್ರಾಂಶದಲ್ಲಿ, ಪರದೆಯ ಮೇಲಿನ ಅಲೆಗಳ ಆಕಾರವನ್ನು ಕಣ್ಣಳತೆಯಿಂದಲೇ ಅಂದಾಜು ಮಾಡಿ, ಒಂದೊಂದು ಪೆಟ್ಟನ್ನೂ ಕೈಯಾರೆ ಇಟ್ಟು ಆತನು ಇದನ್ನು ಕಟ್ಟಿದನು. ಆದ್ದರಿಂದಲೇ ಇದರ ಲಯವು ಗಡಿಯಾರಕ್ಕೆ ಎಂದೂ ಸರಿಹೊಂದದೆ ಕೂದಲೆಳೆಯಷ್ಟು ಹಿಂದೆಮುಂದೆ ತೂಗಾಡುತ್ತದೆ. ಕಂಠಗಳಾದರೋ ಜನಪ್ರಿಯ ಗಾಯಕರಿಂದ ಕಡ ತಂದವು. 'ಆರ್ಕೇಂಜಲ್' ಹಾಡಿನಲ್ಲಿ ಗೋಗರೆಯುವ ದನಿ ರೇ ಜೆ ಎಂಬ ಅಮೆರಿಕದ ಗಾಯಕನದು. ಆದರೆ ಶ್ರುತಿಯನ್ನು ಏರಿಸಿ ಇಳಿಸಿ, ಗಂಡುದನಿಯನ್ನು ಹೆಣ್ಣಾಗಿಸಿ ಹೆಣ್ಣುದನಿಯನ್ನು ಗಂಡಾಗಿಸಿ, ಅರ್ಧ ವಾಕ್ಯದಲ್ಲಿಯೇ ತುಂಡರಿಸಿ ಇಟ್ಟಿರುವುದರಿಂದ ಅವು ಯಾರವೂ ಅಲ್ಲದ, ಆದಕಾರಣ ಯಾರವಾದರೂ ಆಗಬಲ್ಲ ದನಿಗಳಾಗಿವೆ. ಅವುಗಳ ಕೆಳಗೆ ಮಳೆ ಸುರಿಯುತ್ತಿದೆ, ಹಳೆಯ ಗ್ರಾಮಫೋನ್ ತಟ್ಟೆಯ ಚಿಟಚಿಟ ನಡೆದೇ ಇದೆ. ತೊಂಬತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ತರುಣರು ಗೋದಾಮುಗಳಲ್ಲಿಯೂ ಹೊಲಗಳಲ್ಲಿಯೂ ನೆರೆದು ರಾತ್ರಿಯಿಡೀ ಕುಣಿಯುತ್ತಿದ್ದ ಕಾಲಕ್ಕೆ ಬರಿಯಲ್ ತೀರ ಚಿಕ್ಕವನು. ಅಣ್ಣ ತಂದ ಧ್ವನಿಸುರುಳಿಗಳಿಂದಲೇ ಆ ಉತ್ಸವವನ್ನು ತಿಳಿದವನು. ತಾನು ಕಾಣದ ಹಬ್ಬವೊಂದರ ನೆನಪನ್ನು ಇಷ್ಟು ಸಾಂಗವಾಗಿ ಕಟ್ಟಿದವರು ವಿರಳ.

ಬಂದ ವರ್ಷದಲ್ಲಿ ಇದನ್ನು ಡಬ್‌ಸ್ಟೆಪ್ ಎಂಬ ಪಂಗಡದ ಕೃತಿಯೆಂದು ಎಣಿಸಿ, ಆ ಪಂಗಡದ ಭವಿಷ್ಯವೇ ಇದೆಂದು ಕೆಲವರು ಸಾರಿದರು. ಮೂರು ನಾಲ್ಕು ವರ್ಷದೊಳಗಾಗಿ ಡಬ್‌ಸ್ಟೆಪ್ ಅಟ್ಲಾಂಟಿಕ್ ದಾಟಿ, ಸ್ಕ್ರಿಲೆಕ್ಸ್ ಮೊದಲಾದವರ ಕೈಯಲ್ಲಿ ಕ್ರೀಡಾಂಗಣಗಳನ್ನು ನಡುಗಿಸುವ ಅಬ್ಬರವಾಗಿ ಬೆಳೆಯಿತು. 'ಅನ್‌ಟ್ರೂ' ಆ ಮೆರವಣಿಗೆಗೆ ಬೆನ್ನು ತಿರುಗಿಸಿಕೊಂಡು ತಾನಿದ್ದಲ್ಲಿಯೇ ನಿಂತಿತು. ಬರಿಯಲ್ ತಾನೂ ಅನಂತರ ಬಿಡಿ ಹಾಡುಗಳನ್ನೂ ಕಿರುಮುದ್ರಿಕೆಗಳನ್ನೂ ಹೊರತರುತ್ತ ಹೋದನೇ ಹೊರತು ಇದಕ್ಕೊಂದು ಉತ್ತರಾರ್ಧವನ್ನು ಬರೆಯಲಿಲ್ಲ. ರೇಡಿಯೋಹೆಡ್‌ನ ಕೃತಿ ಇದಕ್ಕಿಂತ ಹೆಚ್ಚು ಪರಿಪೂರ್ಣವೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ; ಪರಿಪೂರ್ಣತೆಯೊಂದನ್ನೇ ಅಳತೆಗೋಲಾಗಿಟ್ಟು ಮೊದಲ ಸ್ಥಾನವನ್ನು ಹಂಚತಕ್ಕದ್ದೆಂಬುದನ್ನು ಮಾತ್ರ ಒಪ್ಪಲಾರೆ.

ಒಂದು ತಕರಾರು ಉಳಿದಿದೆ. ಜಸ್ಟಿನ್ ವರ್ನನ್ ಎಂಬಾತನು ವಿಸ್ಕಾನ್ಸಿನ್ ಪ್ರಾಂತದ ಕಾಡಿನಲ್ಲಿದ್ದ ತಂದೆಯ ಬೇಟೆಮನೆಯಲ್ಲಿ ಒಂದು ಚಳಿಗಾಲವನ್ನು ಏಕಾಂಗಿಯಾಗಿ ಕಳೆದು, ಬಾನ್ ಇವೇರ್ ಎಂಬ ಹೆಸರಿನಲ್ಲಿ ಮುದ್ರಿಸಿದ 'ಫಾರ್ ಎಮ್ಮಾ, ಫಾರೆವರ್ ಅಗೋ' 2007ರಲ್ಲಿ ಆತನ ಸ್ವಂತ ಖರ್ಚಿನಿಂದ ಸುಮಾರು 500 ಪ್ರತಿಗಳಷ್ಟೇ ಹೊರಬಂದು, ಸಂಸ್ಥೆಯೊಂದರ ಮೂಲಕ ಅಂಗಡಿಗಳನ್ನು ಸೇರಿದ್ದು 2008ರ ಫೆಬ್ರವರಿಯಲ್ಲಿ. ಹೀಗಾಗಿ ಎರಡು ವರ್ಷಗಳವರೂ ಅದು ತಮ್ಮದೆಂದು ಹೇಳಿಕೊಳ್ಳುತ್ತಾರೆ. ನಾನಂತೂ ಆ 500 ಪ್ರತಿಗಳನ್ನೇ ಆಧಾರವಾಗಿಟ್ಟುಕೊಂಡು ಅದನ್ನು ನನ್ನ ಪಟ್ಟಿಯ ಏಳನೆಯ ಸ್ಥಾನಕ್ಕೆ ಸೇರಿಸಿಕೊಂಡುಬಿಟ್ಟಿದ್ದೇನೆ. 2008ರ ಪಕ್ಷಪಾತಿಗಳಿಗೆ ಕೊರತೆಯೇನೂ ಆಗದು. ಅವರಿಗೆ ಪೋರ್ಟಿಸ್‌ಹೆಡ್ ತಂಡದ 'ಥರ್ಡ್' ಇದೆ.