ಎಲ್ಲಿ ಹೋಲುತ್ತೆ ಸರಿ, ಎಲ್ಲಿ ಹೋಲಲ್ಲ?

ಪರೀಕ್ಷೆ ಹತ್ತಿರ ಬಂದ್ರೆ ನಾವೆಲ್ಲ ಹಳೇ ಪ್ರಶ್ನೆಪತ್ರಿಕೆ ಹುಡುಕ್ತೀವಿ. ಹೋದ ಸಲ ಬಂದದ್ದು ಈ ಸಲವೂ ಬರಬಹುದು ಅನ್ನೋ ಲೆಕ್ಕ. ನೆಲದಡಿಯ ಗ್ಯಾಸ್ ಹುಡುಕುವವರೂ ಇದನ್ನೇ ಮಾಡ್ತಾರೆ. ಗೊತ್ತಿಲ್ಲದ ಬಂಡೆಯ ಗುಣವನ್ನು ಗೊತ್ತಿರುವ ಬಂಡೆಯಿಂದ ಊಹಿಸ್ತಾರೆ. ಆ ಗೊತ್ತಿರುವ ಬಂಡೆಗೆ ಅನಲಾಗ್ ಅಂತ ಹೆಸರು.

ಇದು ಬೇಕೇ ಬೇಕು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ನೋಡೋಕಾಗಲ್ಲ. ಬಾವಿಯಿಂದ ಸಿಗುವ ಕೋರ್ ಅಂಗೈ ಅಗಲದ್ದು. ಬಂಡೆಯಲ್ಲಿ ಎಷ್ಟು ರಂಧ್ರವಿದೆ, ಅನಿಲ ಎಷ್ಟು ಸಲೀಸಾಗಿ ಹರಿಯುತ್ತೆ, ಪದರ ಎಲ್ಲಿವರೆಗೆ ಹಬ್ಬಿದೆ ಅನ್ನೋದಕ್ಕೆ ಹೋಲಿಕೆಯೇ ಆಸರೆ. ಐರ್ಲೆಂಡಿನ ಕ್ಲೇರ್ ಕಡಲತೀರದ ಬಂಡೆಗೋಡೆಗಳನ್ನು ಭೂವಿಜ್ಞಾನಿಗಳು ಅಳೆಯುವುದೂ ಇದಕ್ಕೇ.

ಆದರೆ ಪೋಲೆಂಡಿನಲ್ಲಿ ಆದದ್ದು ನೋಡಿ. 2011ರಲ್ಲಿ ಅಮೆರಿಕದ ಇಂಧನ ಮಾಹಿತಿ ಆಡಳಿತ ಸಂಸ್ಥೆ, ಅಲ್ಲಿನ ಶೇಲ್ ಬಂಡೆಗಳಿಂದ ಸುಮಾರು 5.3 ಲಕ್ಷ ಕೋಟಿ ಘನ ಮೀಟರ್ ಅನಿಲ ತೆಗೆಯಬಹುದು ಎಂದು ಅಂದಾಜಿಸಿತು. ಅಮೆರಿಕದ ಶೇಲ್‌ಗಳ ಅನುಭವವೇ ಅದಕ್ಕೆ ಅಳತೆಗೋಲು. ರಷ್ಯಾದ ಗ್ಯಾಸ್ ನೆಚ್ಚಿಕೊಂಡಿದ್ದ ದೇಶಕ್ಕೆ ಇದು ಬಿಡುಗಡೆಯ ಸುದ್ದಿಯಂತೆ ಕೇಳಿಸಿತು. ಮರುವರ್ಷ ಪೋಲೆಂಡಿನದೇ ಭೂವಿಜ್ಞಾನ ಸಂಸ್ಥೆ ಹಳೇ ಬಾವಿಗಳ ದಾಖಲೆ ನೋಡಿ ಹೇಳಿದ್ದು 0.35ರಿಂದ 0.77 ಲಕ್ಷ ಕೋಟಿ. ಹೆಚ್ಚೆಂದರೆ ಏಳರಲ್ಲಿ ಒಂದು ಪಾಲು! ಎಪ್ಪತ್ತರ ಆಸುಪಾಸು ಬಾವಿ ಕೊರೆದರೂ ಲಾಭಕ್ಕೆ ತಕ್ಕ ಗ್ಯಾಸ್ ಬರಲಿಲ್ಲ. ಎಕ್ಸಾನ್‌ಮೊಬಿಲ್ 2012ರಲ್ಲೇ ಹೊರಟಿತು, ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಕಾರಣ ಬಂಡೆಯಲ್ಲೇ ಇತ್ತು. ಪದರಗಳು ತುಂಬಾ ಆಳ, ಜೇಡಿಯ ಅಂಶ ಹೆಚ್ಚು. ನೀರಿನ ಒತ್ತಡ ಕೊಟ್ಟಾಗ ಗಡಸು ಶೇಲ್ ಬಿರಿಯುತ್ತೆ, ಜೇಡಿ ತುಂಬಿದ್ದು ಸರಿಯಾಗಿ ಬಿರಿಯಲ್ಲ. ಬಿರುಕಿಲ್ಲದೆ ಅನಿಲಕ್ಕೆ ದಾರಿಯೇ ಇಲ್ಲ.

ಹೋಲಿಕೆ ಇಲ್ಲದೆ ಮೊದಲ ಬಾವಿ ಕೊರೆಯೋದು ಹೇಗೆ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಕೇಳ್ತಿರೋದು ಇಷ್ಟೇ: ಅನಲಾಗ್ ಪಟ್ಟಿಯಲ್ಲಿ ಎರಡು ಕಾಲಂ ಇರಲಿ. ಒಂದರಲ್ಲಿ ಹೋಲುವುದು, ಇನ್ನೊಂದರಲ್ಲಿ ಹೋಲದಿರುವುದು. ಆಳ, ಒತ್ತಡ, ಜೇಡಿ, ಬಂಡೆ ಹೂತುಹೋದ ಇತಿಹಾಸ, ಎಲ್ಲವೂ ಅಲ್ಲಿ ಬರಲಿ. ಉತ್ತರವೂ ಒಂದೇ ಸಂಖ್ಯೆ ಬೇಡ, ಕನಿಷ್ಠದಿಂದ ಗರಿಷ್ಠದವರೆಗೆ ಕೊಡಲಿ. ಒಂದು ದೊಡ್ಡ ಸಂಖ್ಯೆ ಪತ್ರಿಕೆಯ ತಲೆಬರಹ ಆಗುತ್ತೆ, ಆಮೇಲೆ ಅದರ ಮೇಲೆ ಸರ್ಕಾರಗಳು ಯೋಜನೆ ಹಾಕ್ತವೆ.

ನಾಳೆ ಇಂಥ ರಿಪೋರ್ಟಿಗೆ ಸಹಿ ಹಾಕೋರು ನಾವೇ. ಎರಡನೇ ಕಾಲಂ ಖಾಲಿ ಇದ್ದರೆ, ವಾಪಸ್ ಕಳಿಸೋಣ.