ಬಡತನ ಕಳೆಯುವುದು ಬೇರೆ, ಬಡವರನ್ನು ಕಳೆಯುವುದು ಬೇರೆ

2024ರ ಜನವರಿಯಲ್ಲಿ ನೀತಿ ಆಯೋಗ ಒಂದು ಚರ್ಚಾಪತ್ರ ಹೊರಡಿಸಿತು. ದೇಶದಲ್ಲಿ ಬಹುಆಯಾಮದ ಬಡತನ 2013-14ರಲ್ಲಿ ಶೇ. 29.17ರಷ್ಟಿತ್ತು, 2022-23ರ ಹೊತ್ತಿಗೆ ಶೇ. 11.28ಕ್ಕೆ ಇಳಿದಿದೆ, ಒಂಬತ್ತು ವರ್ಷದಲ್ಲಿ 24.82 ಕೋಟಿ ಜನ ಬಡತನದಿಂದ ಹೊರಬಂದಿದ್ದಾರೆ ಎಂದು ಅದು ಹೇಳಿತು. ಮರುತಿಂಗಳ ಬಜೆಟ್ ಭಾಷಣದ ಹೊತ್ತಿಗೆ ಆ ಸಂಖ್ಯೆ ದುಂಡಗಾಗಿ 25 ಕೋಟಿಯಾಯಿತು. ಅಲ್ಲಿಂದಾಚೆಗೆ ಭಾಷಣಗಳಲ್ಲಿ ಅದು ಮಂತ್ರದ ಹಾಗೆ ಕೇಳಿಬರುತ್ತಿದೆ.

25 ಕೋಟಿ ಜನ ಬಡತನ ದಾಟುವುದು ಸಣ್ಣ ಮಾತಲ್ಲ, ನಿಜವಾಗಿದ್ದರೆ ಯಾವ ಪಕ್ಷದವರಾದರೂ ಸಂತೋಷಪಡಬೇಕು. ಆದರೆ ಅವರು ಯಾವ ಬಾಗಿಲಿನಿಂದ ಹೊರಬಂದರು ಎಂದು ಮೊದಲು ನೋಡುವುದು ಒಳ್ಳೆಯದು.

ಈ ಸೂಚ್ಯಂಕ ಒಂದು ಮನೆಗೆ 12 ಪ್ರಶ್ನೆ ಕೇಳುತ್ತದೆ. ಆರೋಗ್ಯದ್ದು ಮೂರು: ಪೌಷ್ಟಿಕತೆ, ಮಕ್ಕಳ ಸಾವು, ಬಸುರಿ ಬಾಣಂತಿಯ ಆರೈಕೆ. ಶಿಕ್ಷಣದ್ದು ಎರಡು: ಮನೆಯವರು ಎಷ್ಟು ವರ್ಷ ಓದಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ. ಜೀವನಮಟ್ಟದ್ದು ಏಳು: ಅಡುಗೆಯ ಉರುವಲು, ಶೌಚಾಲಯ, ಕುಡಿಯುವ ನೀರು, ಕರೆಂಟು, ಸೂರು, ಮನೆಯ ಸಾಮಾನು, ಬ್ಯಾಂಕ್ ಖಾತೆ. ಮೂರು ವಿಭಾಗಕ್ಕೂ ಸಮಪಾಲು. ಕೊರತೆಯ ಅಂಕ ಒಟ್ಟು ಅಂಕದ ಮೂರನೇ ಒಂದನ್ನು ಮುಟ್ಟಿದರೆ ಆ ಮನೆಯವರು ಬಡವರು, ಮುಟ್ಟದಿದ್ದರೆ ಅಲ್ಲ.

ಲೆಕ್ಕ ಸುಲಭವಾಗಲೆಂದು ಒಟ್ಟು 21 ಅಂಕ ಎಂದಿಟ್ಟುಕೊಳ್ಳೋಣ. 7 ಬಂದರೆ ಬಡವರು. ಒಂದು ಮನೆಯಲ್ಲಿ ಮಗು ಅಪೌಷ್ಟಿಕತೆಯಿಂದ ಸೊರಗಿದೆ, ಅದಕ್ಕೆ ಮೂರೂವರೆ ಅಂಕ. ಗೋಡೆ ಮಣ್ಣಿನದು, ಒಂದು. ಒಲೆ ಸೌದೆಯದು, ಇನ್ನೊಂದು. ಶೌಚಾಲಯ ಇಲ್ಲ, ಮತ್ತೊಂದು. ಬ್ಯಾಂಕ್ ಖಾತೆ ಇಲ್ಲ, ಅದಕ್ಕೂ ಒಂದು. ಒಟ್ಟು ಏಳೂವರೆ, ಬಡ ಕುಟುಂಬ. ಈಗ ಆ ಮನೆಯ ಹೆಂಗಸು ಊರಿಗೆ ಬಂದ ಬ್ಯಾಂಕ್ ಮಿತ್ರನ ಮುಂದೆ ಹೆಬ್ಬೆಟ್ಟು ಒತ್ತಿ ಜನಧನ ಖಾತೆ ತೆರೆದಳು ಅನ್ನಿ. ಖಾತೆಯಲ್ಲಿ ಒಂದು ರೂಪಾಯಿ ಇರಬೇಕೆಂದೂ ಇಲ್ಲ. ಅಂಕ ಆರೂವರೆಗೆ ಇಳಿಯಿತು. ಮಗು ಸೊರಗಿಯೇ ಇದೆ, ಒಲೆ ಹೊಗೆಯಾಡುತ್ತಲೇ ಇದೆ, ಗೋಡೆ ಮಳೆಗೆ ನೆನೆಯುತ್ತಲೇ ಇದೆ. ಆದರೆ ಆ ಕುಟುಂಬ ಬಡತನದಿಂದ ಹೊರಬಂದಿದೆ!

ಎಲ್ಲಿ ಗೆರೆ ಎಳೆದರೂ ಅಂಚಿನಲ್ಲಿ ಇಂಥದ್ದು ಆಗುತ್ತದೆ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ವಿಶ್ವಸಂಸ್ಥೆ ಬಳಸುವ ಜಾಗತಿಕ ಸೂಚ್ಯಂಕದಲ್ಲಿ ಇರುವುದು 10 ಪ್ರಶ್ನೆ. ಬ್ಯಾಂಕ್ ಖಾತೆಯ ಪ್ರಶ್ನೆ ಅದರಲ್ಲಿಲ್ಲ, ಅದನ್ನು ನಮ್ಮವರು ಸೇರಿಸಿಕೊಂಡರು. ಜನಧನ ಯೋಜನೆ ಶುರುವಾದದ್ದು 2014ರ ಆಗಸ್ಟ್‌ನಲ್ಲಿ. ಕೋಟಿಗಟ್ಟಲೆ ಖಾತೆ ತೆರೆಸಿದವರೇ ಖಾತೆ ಇದೆಯೇ ಎಂದು ಕೇಳುವ ಪರೀಕ್ಷೆ ಇಟ್ಟರು. ಪ್ರಶ್ನೆಪತ್ರಿಕೆ ಬರೆದವರೂ ಅವರೇ, ಉತ್ತರ ಬರೆದವರೂ ಅವರೇ, ಅಂಕ ಕೊಟ್ಟವರೂ ಅವರೇ. ಸಾಲದ್ದಕ್ಕೆ, ಸಮೀಕ್ಷೆ ನಡೆದದ್ದು 2015-16ರಲ್ಲಿ ಮತ್ತು 2019-21ರಲ್ಲಿ. 2013-14 ಮತ್ತು 2022-23ರ ಅಂಕಿಗಳು ಸಮೀಕ್ಷೆಗಳ ಇಳಿಕೆಯ ವೇಗವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಮಾಡಿದ ಅಂದಾಜು. ನಗರಗಳಿಂದ ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಊರಿಗೆ ನಡೆದ ವರ್ಷಗಳ ಆಚೆಗೂ ಆ ಗೆರೆ ಒಂದಿಷ್ಟೂ ನಡುಗದೆ ಇಳಿದುಕೊಂಡೇ ಹೋಗಿದೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. 12 ಪ್ರಶ್ನೆಗಳಲ್ಲಿ ಒಂದೂ ಈ ಮನೆಗೆ ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ ಎಂದು ಕೇಳುವುದಿಲ್ಲ.

ಹಿಂದಿನವರು ಕೇಳಿ ಸಾಚಾ ಅನ್ನಿಸಿಕೊಂಡರೆಂದೇನೂ ಅಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಅಂದಿನ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟು, ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ ಎಂದಿತ್ತು. ದೇಶವೆಲ್ಲ ಛೀಮಾರಿ ಹಾಕಿತು. ರಂಗರಾಜನ್ ಸಮಿತಿ 2014ರಲ್ಲಿ ಗೆರೆಯನ್ನು ಪಟ್ಟಣಕ್ಕೆ 47, ಹಳ್ಳಿಗೆ 32 ರೂಪಾಯಿ ಎಂದು ತಿದ್ದಿತು. ಆ ವರದಿ ಕಪಾಟು ಸೇರಿತು, ಯೋಜನಾ ಆಯೋಗವೇ ಮುಚ್ಚಿತು. 2017-18ರ ಬಳಕೆ ವೆಚ್ಚದ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರ ಬಿಡುಗಡೆ ಮಾಡಲೇ ಇಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಯಿತು. 32 ರೂಪಾಯಿಯ ಗೆರೆ ನಾಚಿಕೆಗೇಡಿನದಾಗಿತ್ತು, ಸರಿ. ಆದರೆ ಬೈಯಲಿಕ್ಕಾದರೂ ಆಗ ಒಂದು ಗೆರೆ ಇತ್ತು. ಈಗ ಅದೂ ಇಲ್ಲ.

ಆದಾಯದ ಪ್ರಶ್ನೆ ಕೈಬಿಟ್ಟದ್ದು ಮರೆವಿನಿಂದಲ್ಲ. ಶೌಚಾಲಯ, ಸಿಲಿಂಡರ್, ಖಾತೆ, ನಲ್ಲಿ ಇವೆಲ್ಲ ಒಮ್ಮೆ ಕೊಟ್ಟರೆ ಮುಗಿಯಿತು. ಎಣಿಸಬಹುದು, ಫೋಟೊ ತೆಗೆಯಬಹುದು, ಮೇಲೊಂದು ಹೆಸರು ಬರೆಯಬಹುದು. ಕೂಲಿಯೂ ಪಿಂಚಣಿಯೂ ಹಾಗಲ್ಲ. ಬೆಲೆ ಏರಿದಂತೆ ಅವೂ ಏರಬೇಕು, ಪ್ರತಿ ತಿಂಗಳೂ ಕೊಡಬೇಕು, ಕೊಡದಿದ್ದರೆ ಜನ ಕೇಳುತ್ತಾರೆ. ಸರ್ಕಾರಿ ಕನ್ನಡದಲ್ಲಿ ಬಡವರಿಗೆ ಈಗ ಇರುವ ಹೆಸರು 'ಫಲಾನುಭವಿ'. ಮರ ನೆಟ್ಟವರು ಯಾರೋ, ಇವರು ನೆರಳಲ್ಲಿ ಕೂತು ಹಣ್ಣು ತಿನ್ನುವವರು ಎಂಬ ಧ್ವನಿ ಆ ಪದದಲ್ಲೇ ಇದೆ. ದುಡಿಯುವವನನ್ನು ಫಲಾನುಭವಿ ಎಂದು ಕರೆದ ಮೇಲೆ ಅವನು ಹಕ್ಕು ಕೇಳುವ ಹಾಗಿಲ್ಲ, ಕೈಮುಗಿಯಬೇಕು ಅಷ್ಟೆ.

ವೃದ್ಧಾಪ್ಯ ಪಿಂಚಣಿಯನ್ನೇ ನೋಡಿ. ಬಡತನ ರೇಖೆಯ ಕೆಳಗಿನ 60ರಿಂದ 79 ವರ್ಷದವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಸುಮಾರು ಎರಡು ದಶಕದಿಂದ ಅದು ಅಲ್ಲೇ ನಿಂತಿದೆ. ರಾಜ್ಯಗಳು ತಮ್ಮ ಕೈಯಿಂದ ಸೇರಿಸಿ ಕೊಡುವುದರಿಂದ ಮಾನ ಉಳಿದಿದೆ. ಇದೇ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಬೆಲೆ ಏರಿಕೆ ನೋಡಿಕೊಂಡು ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಪರಿಷ್ಕರಿಸುತ್ತದೆ. ಅದು ತಪ್ಪಲ್ಲ, ಮಾಡಲೇಬೇಕು. ಆದರೆ ಬೇಳೆ ಎಣ್ಣೆಯ ಬೆಲೆ ಗುಮಾಸ್ತನಿಗೆ ಮಾತ್ರ ಏರಿ ಮುದುಕಿಗೆ ಏರದೆ ಉಳಿಯಿತೇ? 200 ರೂಪಾಯಿ ಅಂದರೆ ದಿನಕ್ಕೆ ಏಳು ರೂಪಾಯಿಯೂ ಇಲ್ಲ.

ಗೆರೆಗಳ ವಿಚಾರಕ್ಕೆ ಮತ್ತೆ ಬರೋಣ, ಬಡವರಿಗೆ ಇಲ್ಲದ ಗೆರೆ ಉಳ್ಳವರಿಗೆ ಧಾರಾಳವಾಗಿದೆ. 2019ರಲ್ಲಿ ತಂದ ಶೇ. 10ರ ಮೀಸಲಾತಿಗೆ 'ಆರ್ಥಿಕವಾಗಿ ದುರ್ಬಲ' ಎನ್ನಿಸಿಕೊಳ್ಳಲು ಕುಟುಂಬದ ವರಮಾನಕ್ಕೆ ಇರುವ ಮಿತಿ ವರ್ಷಕ್ಕೆ 8 ಲಕ್ಷ. 2025ರ ಬಜೆಟ್ಟಿನ ಪ್ರಕಾರ ಒಬ್ಬರಿಗೆ 12 ಲಕ್ಷ ವರಮಾನ ಬಂದರೂ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಇಲ್ಲ. ನಮ್ಮ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಇರುವ ಮಿತಿ ಇಡೀ ಕುಟುಂಬಕ್ಕೆ 1.2 ಲಕ್ಷ. ಇಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಆ ದರದಲ್ಲಿ ತಿಂಗಳಿಗೆ 20 ದಿನ ಮೈಮುರಿದರೆ ವರ್ಷಕ್ಕೆ 1,77,600 ರೂಪಾಯಿ. ಅಲ್ಲಿಗೆ ಅವರು ಬಡವರಲ್ಲ! ದೆಹಲಿಯ ಪುಸ್ತಕದಲ್ಲಿ 8 ಲಕ್ಷ ದುರ್ಬಲತೆ, ಬೆಂಗಳೂರಿನ ಪುಸ್ತಕದಲ್ಲಿ ಒಂದೂಮುಕ್ಕಾಲು ಲಕ್ಷ ಸಿರಿವಂತಿಕೆ. ಕಾರ್ಡು ರದ್ದಾಗುವ ಸುದ್ದಿ ಬಂದಾಗಲೆಲ್ಲ ಊರೂರಲ್ಲಿ ಜನ ಆಹಾರ ಇಲಾಖೆಯ ಕಚೇರಿ ಮುಂದೆ ಸಾಲುಗಟ್ಟುವುದು ಯಾಕೆಂದು ಈಗ ಗೊತ್ತಾಗುತ್ತದೆ. ಬಡವರನ್ನು ಪಟ್ಟಿಯಿಂದ ಕಳೆಯುವ ಲೆಕ್ಕದಲ್ಲಿ ಪಕ್ಷಭೇದ ಇಲ್ಲ.

ಆದರೂ ಸರ್ಕಾರಕ್ಕೆ ಸತ್ಯ ಗೊತ್ತಿಲ್ಲವೆಂದಲ್ಲ. ಬಡವರು ಶೇ. 11 ಎನ್ನುತ್ತಲೇ 81 ಕೋಟಿ ಜನರಿಗೆ ತಿಂಗಳಿಗೆ ತಲಾ ಐದು ಕಿಲೋ ಧಾನ್ಯವನ್ನು 2024ರಿಂದ ಇನ್ನೂ ಐದು ವರ್ಷ ಉಚಿತವಾಗಿ ಕೊಡುತ್ತೇವೆ ಎಂದು ಅದೇ ತೀರ್ಮಾನಿಸಿತು. ಕೊಡಲಿ, ಕೊಡಲೇಬೇಕು, ಅದು 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಆದರೆ ಆ 81 ಕೋಟಿಯೂ 2011ರ ಜನಗಣತಿ ನೋಡಿ ಕಟ್ಟಿದ ಲೆಕ್ಕ. ಜನಸಂಖ್ಯೆ ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ. ಹೊಸದಾಗಿ ಸಂಸಾರ ಹೂಡಿದವರು, ಆಮೇಲೆ ಹುಟ್ಟಿದ ಮಕ್ಕಳು ಯಾರದೋ ಹೆಸರು ಅಳಿಯುವುದನ್ನು ಕಾಯಬೇಕು.

ಉದ್ಯೋಗ ಖಾತ್ರಿಯ ಕತೆಯೂ ಇದೇ. 2005ರ ಕಾಯ್ದೆಯ ಬಲ ಇದ್ದದ್ದು ಒಂದೇ ಮಾತಿನಲ್ಲಿ: ಕೆಲಸ ಕೇಳಿದವರಿಗೆ ಕೊಡಬೇಕು, ಕೂಲಿಯ ಹಣ ಕೇಂದ್ರದ್ದು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ. ಜೊತೆಗೆ ಪ್ರತಿ ರಾಜ್ಯಕ್ಕೆ ಎಷ್ಟು ಹಣ ಎಂದು ಕೇಂದ್ರವೇ ಮೊದಲು ಗೊತ್ತುಮಾಡುತ್ತದೆ, ನಮ್ಮಂಥ ರಾಜ್ಯಗಳು ಖರ್ಚಿನಲ್ಲಿ ಶೇ. 40 ಹೊರಬೇಕು, ಮಿತಿ ಮೀರಿದ ಖರ್ಚೆಲ್ಲ ರಾಜ್ಯದ ತಲೆಗೆ. ಹಳೆಯ 100 ದಿನವೇ ಸರಾಸರಿ 50ರ ಆಸುಪಾಸಿನಲ್ಲಿ ನಿಂತಿತ್ತು. ಕೇಳಿದಷ್ಟು ಕೊಡುವುದು ಖಾತ್ರಿ, ಇದ್ದಷ್ಟು ಹಂಚುವುದು ಯೋಜನೆ. ಹೆಸರಿನಲ್ಲಿ 'ಗ್ಯಾರಂಟಿ' ಎಂದು ಬರೆದ ಮಾತ್ರಕ್ಕೆ ಈ ವ್ಯತ್ಯಾಸ ಅಳಿಯುವುದಿಲ್ಲ.

ಹಳ್ಳಿಗಳಿಗೆ ಕರೆಂಟು ಬಂದಿದೆ, ನೀರು ಬಂದಿದೆ, ಬಯಲಿಗೆ ಹೋಗುವ ಹೆಂಗಸರ ಸಂಕಟ ಎಷ್ಟೋ ಕಡೆ ತಪ್ಪಿದೆ. ಇದನ್ನು ಅಲ್ಲಗಳೆಯುವವರು ಹಳ್ಳಿ ನೋಡಿದವರಲ್ಲ. ಆದರೆ ಸವಲತ್ತು ಬಂತು ಎಂಬುದಕ್ಕೂ ಬಡತನ ಹೋಯಿತು ಎಂಬುದಕ್ಕೂ ನಡುವೆ ಒಂದು ಜೇಬು ಇದೆ. ಸಿಲಿಂಡರ್ ಬಂದ ಮನೆಯಲ್ಲಿ ಎರಡನೆಯ ಸಿಲಿಂಡರ್ ತುಂಬಿಸಲು ಬೇಕಾದದ್ದು ಆ ಜೇಬಿನಲ್ಲಿರುವ ದುಡ್ಡು.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಇವತ್ತಿನ ಬೆಲೆಗೆ ಒಂದು ಕುಟುಂಬ ಮಾನವಾಗಿ ಬದುಕಲು ತಿಂಗಳಿಗೆ ಎಷ್ಟು ಬೇಕು ಎಂದು ಸರ್ಕಾರ ಒಂದು ಸಂಖ್ಯೆ ಹೇಳಲಿ. ಪಿಂಚಣಿಯನ್ನೂ ಕೂಲಿಯನ್ನೂ ತುಟ್ಟಿಭತ್ಯೆಯ ಹಾಗೆ ಬೆಲೆ ಏರಿಕೆಗೆ ಕಟ್ಟಲಿ. ಪಡಿತರದ ಪಟ್ಟಿಯನ್ನು ಇವತ್ತಿನ ಜನಸಂಖ್ಯೆಗೆ ಹಿಗ್ಗಿಸಲಿ. ಆಮೇಲೆ ಎಷ್ಟು ಕೋಟಿ ಜನ ಬಡತನ ದಾಟಿದರು ಎಂದು ಎಣಿಸೋಣ. ಆ ಸಂಖ್ಯೆ 25 ಕೋಟಿಗಿಂತ ಕಡಿಮೆ ಬಂದರೂ ಚಿಂತೆಯಿಲ್ಲ, ಅದರಲ್ಲಿ ಸೇರಿದವರಿಗೆ ತಾವು ದಾಟಿದ್ದೇವೆ ಎಂಬುದು ಸರ್ಕಾರ ಹೇಳದೆಯೇ ಗೊತ್ತಿರುತ್ತದೆ.